ಆಟೋಕ್ಯಾಡ್ ಕಲಿಯಲೋ, ಸಾಲಿಡ್‌ವರ್ಕ್ಸ್ ಕಲಿಯಲೋ?

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಡಿಸೈನ್ ಕೆಲಸ ನನ್ನದು. ಡಿಪ್ಲೊಮಾ ಮುಗಿಸಿದ ಹುಡುಗರು, ಅವರ ತಂದೆತಾಯಿ, ಮದುವೆಮನೆಯಲ್ಲಿ ಸಿಕ್ಕ ನೆಂಟರು, ಎಲ್ಲರೂ ಕೇಳುವುದು ಈ ಮೇಲಿನ ಪ್ರಶ್ನೆಯನ್ನೇ. ಎರಡೂ ಯಂತ್ರಭಾಗಗಳ ಡ್ರಾಯಿಂಗ್, ಅಂದರೆ ನಕ್ಷೆ, ಬರೆಯುವ ಸಾಫ್ಟ್‌ವೇರ್‌ಗಳು.

ಯಾವುದಾದರೂ ಆದೀತು. ಒಂದು ಚೆನ್ನಾಗಿ ಬಂದರೆ ಇನ್ನೊಂದು ಕೈಗೆ ಹತ್ತುವುದು ತಡವಾಗುವುದಿಲ್ಲ. ಆದರೆ ಕೋರ್ಸಿಗೆ ಹಣ ಕಟ್ಟುವ ಮೊದಲು ಡ್ರಾಯಿಂಗ್ ಓದುವುದನ್ನು ಕಲಿಯಿರಿ. ಈ ಮಾತಿಗೆ ನಾನು ಬೆಲೆ ತೆತ್ತಿದ್ದೇನೆ.

ಕೆಲಸಕ್ಕೆ ಸೇರಿದ ಮೊದಲ ವರ್ಷ, ಅಮೆರಿಕದ ಗ್ರಾಹಕರ ಬ್ರಾಕೆಟ್ (ಆಸರೆಯ ಲೋಹದ ತುಂಡು) ಒಂದರ ಡ್ರಾಯಿಂಗನ್ನು ನಮ್ಮ ಹಾಳೆಗೆ ಇಳಿಸಿದೆ. ವಸ್ತುವಿನ ಬೇರೆ ಬೇರೆ ಬದಿಯ ನೋಟಗಳನ್ನು ಹಾಳೆಯಲ್ಲಿ ಜೋಡಿಸುವ ಅವರ ಕ್ರಮ ಥರ್ಡ್ ಆ್ಯಂಗಲ್: ಬಲಗಡೆಯಿಂದ ಕಂಡದ್ದನ್ನು ಬಲಕ್ಕೇ ಬರೆಯುತ್ತಾರೆ. ನಾವು ಬಳಸುವುದು ಫಸ್ಟ್ ಆ್ಯಂಗಲ್: ಎಡಗಡೆಯಿಂದ ಕಂಡದ್ದು ಬಲಕ್ಕೆ, ಮೇಲಿನಿಂದ ಕಂಡದ್ದು ಕೆಳಕ್ಕೆ. ನಾನು ನೋಟಗಳನ್ನು ಇದ್ದಂತೆಯೇ ಇಳಿಸಿ, ಹಾಳೆಯ ಮೂಲೆಯ ವಿವರದ ಚೌಕದಲ್ಲಿ, ಅಂದರೆ ಟೈಟಲ್ ಬ್ಲಾಕಿನಲ್ಲಿ, ನಮ್ಮ ಫಸ್ಟ್ ಆ್ಯಂಗಲ್ ಚಿಹ್ನೆಯನ್ನೇ ಉಳಿಸಿಬಿಟ್ಟೆ. ತುದಿ ಕತ್ತರಿಸಿದ ಶಂಕು, ಪಕ್ಕದಲ್ಲಿ ಒಂದರೊಳಗೊಂದು ಎರಡು ವೃತ್ತ. ಹೆಬ್ಬೆರಳ ಉಗುರಿನಷ್ಟು ಚಿತ್ರ. ಚಿಹ್ನೆ ನೋಡಿ ಹಾಳೆಯನ್ನು ಫಸ್ಟ್ ಆ್ಯಂಗಲ್ ಎಂದೇ ಓದಿದ್ದರಿಂದ, ಹಿಂದಿನ ಅಂಚಿಗೆ ಇರಬೇಕಾದ ತೂತು 40 ಬ್ರಾಕೆಟ್‌ಗಳಲ್ಲೂ ಮುಂದಿನ ಅಂಚಿಗೆ ಬಂತು. ವರ್ನಿಯರ್ ಹಿಡಿದು ನೋಡಿದರೆ ಒಂದು ಅಳತೆಯೂ ತಪ್ಪಿಲ್ಲ. ಹಿರಿಯ ಆಪರೇಟರ್ ಒಂದನ್ನು ನನ್ನ ಮೇಜಿನ ಮೇಲಿಟ್ಟು, ಹಾಳೆಯ ಮೂಲೆಯ ಆ ಚಿಹ್ನೆಯ ಮೇಲೆ ಎಣ್ಣೆಯ ಬೆರಳಿಟ್ಟು, ‘ನೋಡಪ್ಪ, ಇಲ್ಲಿ ಹೇಳಿರುವುದನ್ನೇ ಮಾಡಿದ್ದೇನೆ’ ಎಂದರು. ಅವರ ಮಾತು ನೂರಕ್ಕೆ ನೂರು ಸರಿಯಾಗಿತ್ತು.

ಸಾಫ್ಟ್‌ವೇರ್ ನೋಟಗಳನ್ನು ತಾನೇ ಜೋಡಿಸಿಕೊಡುತ್ತದೆ, ನಿಜ. ಯಾವ ಆ್ಯಂಗಲ್‌ನಲ್ಲಿ ಎಂದು ಆರಿಸಬೇಕಾದವರು ನಾವು.

ಭಾರತೀಯ ಮಾನಕ ಬ್ಯೂರೋದ ಎಸ್‌ಪಿ 46 ಎಂಬ ಕೈಪಿಡಿ ವಿದ್ಯಾರ್ಥಿಗಳಿಗೆಂದೇ ಇದೆ. ಗೆರೆ, ಅಕ್ಷರ, ಹಾಳೆಯ ಗಾತ್ರ ಎಲ್ಲವೂ ಅದರಲ್ಲಿ ಸಿಗುತ್ತವೆ. ಟಾಲರೆನ್ಸ್‌ಗೆ, ಅಂದರೆ ಅಳತೆ ಎಷ್ಟರ ಮಟ್ಟಿಗೆ ಹೆಚ್ಚುಕಡಿಮೆಯಾಗಬಹುದು ಎಂಬ ಮಿತಿಗೆ, ಮಾತ್ರ ಹೆಚ್ಚು ದಿನ ಕೊಡಿ. ತೂತಿಗೆ ‘25 ಎಚ್7’ ಎಂದಿದ್ದರೆ ಅದು 25.000ರಿಂದ 25.021 ಮಿಲಿಮೀಟರ್ ಒಳಗಿರಬೇಕು. ಅದರೊಳಗೆ ತಿರುಗುವ ಶಾಫ್ಟ್ (ದುಂಡನೆಯ ದಂಡ) ‘ಜಿ6’ ಆದರೆ 24.980ರಿಂದ 24.993. ಇಂಗ್ಲಿಷಿನ ದೊಡ್ಡಕ್ಷರ ತೂತಿಗೆ, ಸಣ್ಣಕ್ಷರ ಶಾಫ್ಟಿಗೆ. ಈ ಎರಡು ಅಕ್ಷರ ಓದಲು ಬಂದರೆ, ಶಾಫ್ಟ್ ಸಲೀಸಾಗಿ ತಿರುಗುತ್ತದೆಯೋ ಬಿಗಿಯಾಗಿ ಕೂರುತ್ತದೆಯೋ ಎಂದು ಕಬ್ಬಿಣ ಕತ್ತರಿಸುವ ಮೊದಲೇ ಹೇಳಬಹುದು. ನನಗೆ ಈ ವಿದ್ಯೆಯಲ್ಲಿ ಇಂದಿಗೂ ಅತ್ಯಂತ ಚೆಂದವೆನಿಸುವುದು ಇದೇ.

ಈಗ ಒಂದು ಕೆಲಸ ಮಾಡಿ. ಮನೆಯ ಬಾಗಿಲ ಚಿಲಕ ಬಿಚ್ಚಿ, ಅಳೆದು, ಪೆನ್ಸಿಲಿನಲ್ಲಿ ಮೂರು ನೋಟ ಬರೆಯಿರಿ. ಆ ಚಿಲಕವನ್ನು ಕಾಣದ, ಡ್ರಾಯಿಂಗ್ ಬಲ್ಲ ಗೆಳೆಯರಿಗೆ ಹಾಳೆ ಕೊಟ್ಟು, ತೂತುಗಳು ಯಾವ ಬದಿಗಿವೆ ಎಂದು ಕೇಳಿ. ಅವರು ತಡವರಿಸದೆ ಸರಿಯಾಗಿ ಹೇಳಿದ ದಿನ ಬನ್ನಿ, ಯಾವ ಸಾಫ್ಟ್‌ವೇರ್ ಎಂದು ಕೂತು ಮಾತನಾಡೋಣ.