ಬಾಲ್ ಸತ್ತಿಲ್ಲ, ಎಣ್ಣೆ ಕುಡಿದಿದೆ

ಬೆಂಗಳೂರಿನ ಒಂದು ಬೌಲಿಂಗ್ ಸೆಂಟರ್‌ನಲ್ಲಿ (ಕ್ರಿಕೆಟ್ ಅಲ್ಲ, ಬಾಲ್ ಉರುಳಿಸಿ ಹತ್ತು ಪಿನ್ ಬೀಳಿಸುವ ಆಟ) ಬಾಲ್‌ಗೆ ಬೆರಳಿನ ತೂತು ಡ್ರಿಲ್ ಮಾಡುವುದು, ಬಾಲ್ ಉರುಳುವ ಲೇನ್‌ಗೆ ಎಣ್ಣೆ ಹಾಕುವುದು ನನ್ನ ಕೆಲಸ. ಕಾರ್ಪೊರೇಟ್ ಲೀಗ್‌ನ ಹಿಂದಿನ ಸಂಜೆ ವೈಟ್‌ಫೀಲ್ಡ್ ಕಡೆಯ ಒಬ್ಬರು ತಮ್ಮ ರಿಯಾಕ್ಟಿವ್ ಬಾಲ್, ಅಂದರೆ ಲೇನ್ ಕೊನೆಯಲ್ಲಿ ತಿರುಗಿ 'ಹುಕ್' ಆಗುವ ಬಾಲ್, ತಂದರು. "ಹುಕ್ಕೇ ಆಗ್ತಿಲ್ಲ ಕಣ್ರೀ, ನೇರ ಹೋಗುತ್ತೆ." ನಮ್ಮ ಮ್ಯಾನೇಜರ್ ಒಮ್ಮೆ ಕೈಯಲ್ಲಿ ಹಿಡಿದು ನೋಡಿ, "ಇದು ಸತ್ತೋಗಿದೆ ಸರ್, ಹೊಸದು ತಗೊಳ್ಳಿ" ಅಂದುಬಿಟ್ಟರು. ಆ ಮಾತಿಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಸೆಂಟರ್‌ನಲ್ಲೇ ಎಲ್ಲರಿಗೂ ಕೊಡುವ ಹೌಸ್ ಬಾಲ್ ಪಾಲಿಯೆಸ್ಟರ್. ಎಣ್ಣೆ ಅದರೊಳಗೆ ಹೋಗುವುದಿಲ್ಲ, ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. 1990ರ ದಶಕದ ಆರಂಭದಲ್ಲಿ ಬಂದ ರಿಯಾಕ್ಟಿವ್ ರೆಸಿನ್ ಹಾಗಲ್ಲ. ಅದರ ಕವರ್‌ಸ್ಟಾಕ್, ಅಂದರೆ ಹೊರಪದರದ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ಲೇನ್ ಹಿಡಿದು ತಿರುಗುವ ಶಕ್ತಿ ಬರುವುದೂ ಅದರಿಂದಲೇ, ಎಣ್ಣೆ ಕುಡಿಯುವುದೂ ಅದರಿಂದಲೇ. 2020ರ ಆಗಸ್ಟ್‌ನಿಂದ ಅಮೆರಿಕದ ಬೌಲಿಂಗ್ ಸಂಸ್ಥೆ ಯುಎಸ್‌ಬಿಸಿ, ಹೊಸ ಬಾಲ್ ಎಷ್ಟು ಬೇಗ ಎಣ್ಣೆ ಹೀರಬಹುದು ಎನ್ನುವುದಕ್ಕೇ ಮಿತಿ ಹಾಕಿದೆ. ಸುಮ್ನೆ ಹಾಕ್ತಾರಾ?

"ಒಂದು ಗಂಟೆ ಕೊಡಿ ಸರ್" ಅಂದೆ. ಬೆರಳಿನ ತೂತುಗಳಿಗೆ ವಾಟರ್‌ಪ್ರೂಫ್ ಟೇಪ್ ಸುತ್ತಿ, ಬಕೆಟ್‌ನ ಬಿಸಿನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ ಮುಳುಗಿಸಿದೆ. ಥರ್ಮಾಮೀಟರ್ 55 ಡಿಗ್ರಿ ದಾಟದಂತೆ ನೋಡುತ್ತಾ ಕೂತೆ. ಬಿಸಿ ಜಾಸ್ತಿ ಆದರೆ ಕವರ್ ಬಿರುಕು ಬಿಡುತ್ತದೆ. ಬಿಟ್ಟರೆ ಬಾಲ್ ಮುಗಿದಂತೆ. ಅವರು ಪಕ್ಕದಲ್ಲೇ ನಿಂತಿದ್ದರು, ಮ್ಯಾನೇಜರ್ ಕೌಂಟರ್‌ನಿಂದ ಗಡಿಯಾರ ನೋಡುತ್ತಿದ್ದರು. ಮೊದಲು ಏನೂ ಆಗಲಿಲ್ಲ. ಆಮೇಲೆ ನೀರಿನ ಮೇಲೆ ತೆಳ್ಳಗೆ ಕಾಮನಬಿಲ್ಲಿನ ಬಣ್ಣ ಹರಡಿತು. ಬಾಲ್ ಎತ್ತಿದರೆ ಮೈಯೆಲ್ಲಾ ಜಿಡ್ಡು, ಟವೆಲ್ ಹಳದಿಯಾಯಿತು. ನೀರು ಬದಲಿಸಿ ಮತ್ತೆ ಮುಳುಗಿಸಿದೆ. ಜಿಡ್ಡು ನಿಂತ ಮೇಲೆ ಪೂರ್ತಿ ಆರಿಸಿ, ತುಂಬ ನಯವಾದ 2000 ಗ್ರಿಟ್ ಪ್ಯಾಡ್‌ನಲ್ಲಿ ಉಜ್ಜಿ ಕೊಟ್ಟೆ. ಪಕ್ಕದ ಲೇನ್‌ನಲ್ಲೇ ಎಸೆದು ನೋಡಿದರು. ಕೊನೆಯಲ್ಲಿ ತಿರುಗಿ ಸೀದಾ ಪಾಕೆಟ್‌ಗೆ, ಅಂದರೆ ಮುಂದಿನ ಪಿನ್ ಮತ್ತು ಅದರ ಪಕ್ಕದ ಪಿನ್ ನಡುವಿನ ಜಾಗಕ್ಕೆ, ಹೋಯಿತು.

ಗಿರಾಕಿಗಳಿಗೆ ನಾನು ಹೇಳುವುದು ಇಷ್ಟೇ: ಪ್ರತಿ ಎಸೆತಕ್ಕೂ ಮುಂಚೆ ಒಣ ಟವೆಲ್‌ನಲ್ಲಿ ಒರೆಸಿ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬಾಲ್ ಬಿಡಬೇಡಿ. ಹೊಸದು ಕೊಳ್ಳುವ ಮುಂಚೆ ಹಳೆಯದನ್ನು ಒಮ್ಮೆ ತೊಳೆಸಿ.

ಮ್ಯಾನೇಜ್‌ಮೆಂಟ್‌ಗೆ ಹೇಳುವುದೂ ಒಂದಿದೆ. ಶೋಕೇಸ್‌ಗೆ ಹೊಸ ಲೈಟ್ ಹಾಕಿಸಲು ದುಡ್ಡಿತ್ತು, ಬಾಲ್ ತಿರುಗಿಸುತ್ತಾ ಸಮನಾಗಿ ಉಜ್ಜಲು ಬೇಕಾದ ಒಂದು ಬಾಲ್ ಸ್ಪಿನ್ನರ್‌ಗೆ ಇಲ್ಲ ಅಂದರೆ ಹೇಗೆ? ಕೈಯಲ್ಲಿ ಉಜ್ಜಿದರೆ ಒಂದು ಕಡೆ ಜಾಸ್ತಿ, ಒಂದು ಕಡೆ ಕಮ್ಮಿ ಆಗುತ್ತದೆ. ಮತ್ತೆ ಕೇಳಿದ್ದೇನೆ, ಈ ಸಲ ಬರವಣಿಗೆಯಲ್ಲಿ.