ಬೇಸಿಗೆಯಲ್ಲಿ ಅಳೆದ ಗದ್ದೆ

ನಾನು ಕೊಡಗಿನಲ್ಲಿ ಪರವಾನಗಿ ಪಡೆದ ಭೂಮಾಪಕ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ಪಾಲಿಗೆ ಬರುತ್ತಿದ್ದ ಅರ್ಜಿಗಳಲ್ಲಿ ಹೆಚ್ಚಿನವು ಅಣ್ಣತಮ್ಮಂದಿರ ಪಾಲು ಮತ್ತು ಪೋಡಿಗೆ, ಅಂದರೆ ಒಂದು ಸರ್ವೆ ನಂಬರನ್ನು ಒಡೆದು ಬೇರೆ ಮಾಡುವುದಕ್ಕೆ, ಸಂಬಂಧಿಸಿದ್ದವು. ಈಗ ಕುಶಾಲನಗರದ ಆಸುಪಾಸಿನ ಕಡತಗಳನ್ನು ತೆರೆದರೆ ಬಡಾವಣೆ, ಗೋದಾಮು, ರೆಸಾರ್ಟ್, ಕಾಫಿ ಸಂಸ್ಕರಣಾ ಘಟಕ ಎಂದು ಕೃಷಿಭೂಮಿಯನ್ನು ಬೇರೆ ಬಳಕೆಗೆ ಬದಲಿಸುವ ಭೂಪರಿವರ್ತನೆಯ ನಕ್ಷೆಗಳೇ ಮೇಲಿರುತ್ತವೆ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳು ರದ್ದಾಗಿ, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದಾದ ಮೇಲೆ ಈ ಕೆಲಸಕ್ಕೆ ಬಿಡುವೇ ಇಲ್ಲದಂತಾಗಿದೆ. ಇದರಿಂದ ನನ್ನ ಸಂಪಾದನೆಯೂ ಹೆಚ್ಚಿತೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಕೆಲವು ವರ್ಷಗಳ ಹಿಂದೆ, ಏಪ್ರಿಲ್ ತಿಂಗಳಲ್ಲಿ, 2 ಎಕರೆ 60 ಸೆಂಟು ಗದ್ದೆಯೊಂದನ್ನು ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪಿಂಗ್ ಘಟಕಕ್ಕಾಗಿ ಅಳೆದುಕೊಟ್ಟೆ. ಗದ್ದೆ ಹಲವು ವರ್ಷಗಳಿಂದ ಪಾಳು ಬಿದ್ದಿತ್ತು. ನಾಟಿಗೆ ಆಳು ಸಿಗುತ್ತಿರಲಿಲ್ಲ, ಸಿಕ್ಕರೂ ತೆನೆ ಬಲಿಯುವ ಹೊತ್ತಿಗೆ ಆನೆ ಇಳಿಯುತ್ತಿತ್ತು, ಇವೆರಡನ್ನೂ ದಾಟಿ ಮನೆ ಸೇರಿದ ಭತ್ತಕ್ಕೆ ಖರ್ಚು ಹುಟ್ಟುವಷ್ಟು ಬೆಲೆ ಇರಲಿಲ್ಲ. ಮಾರಿದವರನ್ನು ದೂರಲು ನನಗೆ ಇಂದಿಗೂ ಮನಸ್ಸಿಲ್ಲ. ಎಲ್ಲೆಗೆ ಹೊಂದಿಕೊಂಡ ಬಾಜುದಾರರಿಗೆಲ್ಲ ನೋಟಿಸು ಹೋಗಿತ್ತು, ಯಾರೂ ತಕರಾರು ಎತ್ತಲಿಲ್ಲ, ಅರ್ಧ ದಿನದಲ್ಲಿ ಅಳತೆ ಮುಗಿಯಿತು. ಕೆಳಬದಿಯ ಬದುವಿನ ಪಕ್ಕದಲ್ಲಿ ಹುಲ್ಲು ಮುಚ್ಚಿದ ಒಂದು ತಗ್ಗು ಇತ್ತು. ಹಳೆಯ ಸರ್ವೆ ಟಿಪ್ಪಣಿಯಲ್ಲಿ ಅಲ್ಲಿ ಹಳ್ಳವನ್ನಾಗಲಿ ಸಾಗುವಳಿಗೆ ಬಾರದ ಖರಾಬನ್ನಾಗಲಿ ತೋರಿಸಿರಲಿಲ್ಲವಾದ್ದರಿಂದ ನಾನೂ ತೋರಿಸಲಿಲ್ಲ.

ಜುಲೈನಲ್ಲಿ, ಮಳೆ ಹಿಡಿದ ಮೇಲೆ, ಅಲ್ಲಿಂದ ಎರಡು ಹಿಡುವಳಿಗಳಾಚೆ ಗದ್ದೆ ಮಾಡುತ್ತಿದ್ದ ವಯಸ್ಸಾದ ಗೌಡರೊಬ್ಬರು ಮನೆಗೆ ಬಂದರು.

"ಸರ್ವೆಯವರೇ, ನೀವು ಅಳೆದ ಜಾಗಕ್ಕೆ ಆಳೆತ್ತರ ಮಣ್ಣು ತುಂಬಿಸಿದ್ದಾರೆ. ನನಗೆ ಮಡಿಗೆ ಬಿಡಲೂ ನೀರಿಲ್ಲ. ಮೇಲಿನವನ ಗದ್ದೆ ಕೆರೆಯಾಗಿದೆ."

"ಗೌಡರೇ, ಅಳತೆಯ ದಿನ ನೀವು ಬಂದು ಹೇಳಬಹುದಿತ್ತಲ್ಲ?"

"ನನಗೆ ನೋಟಿಸು ಎಲ್ಲಿ ಬಂತು?"

ಬಂದಿರಲಿಲ್ಲ, ಬರಬೇಕೆಂಬ ನಿಯಮವೂ ಇರಲಿಲ್ಲ. ನೋಟಿಸು ಎಲ್ಲೆ ಮುಟ್ಟಿದವರಿಗೆ ಮಾತ್ರ ಹೋಗುತ್ತದೆ, ನೀರು ಅಲ್ಲಿಗೇ ನಿಲ್ಲುವುದಿಲ್ಲ. ನಮ್ಮ ಕಡೆಯ ಗದ್ದೆಗಳು ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ. ಮೇಲಿನ ಗದ್ದೆ ತುಂಬಿದ ಮೇಲೆ ಬದುವಿನ ಕಂಡಿಯಿಂದ ಕೆಳಗಿನದಕ್ಕೆ, ಅಲ್ಲಿಂದ ಅದರ ಕೆಳಗಿನದಕ್ಕೆ ನೀರು ಇಳಿದು ಕೊನೆಗೆ ತೋಡು, ಅಂದರೆ ಸಣ್ಣ ಹಳ್ಳ, ಸೇರುತ್ತದೆ. ಯಾವ ಕಂಡಿಯನ್ನು ಯಾವಾಗ ಬಿಡಬೇಕು, ಯಾವಾಗ ಕಟ್ಟಬೇಕು ಎಂಬುದು ತಲೆಮಾರುಗಳಿಂದ ಬಾಯಿಮಾತಿನಲ್ಲೇ ನಡೆದು ಬಂದ ವ್ಯವಸ್ಥೆ. ಪಹಣಿಯಲ್ಲಿ ಅದಕ್ಕೆ ಕಾಲಂ ಇಲ್ಲ. ನಾನು ಹುಲ್ಲಿನ ತಗ್ಗೆಂದು ಬಿಟ್ಟದ್ದು ಈ ನೀರಿನ ದಾರಿಯಾಗಿತ್ತು. ಗದ್ದೆಯಲ್ಲಿ ನಿಂತ ಮಳೆನೀರು ಇಂಗಿ ಬೇಸಿಗೆಯಲ್ಲಿ ಸುತ್ತಲಿನ ಬಾವಿಗಳಿಗೆ ಒದಗುತ್ತದೆಂಬುದನ್ನು ಇಲ್ಲಿ ಹುಟ್ಟಿ ಬೆಳೆದ ನಾನು ತಿಳಿಯದವನೇನಲ್ಲ. ಸಲಕರಣೆ ಹಿಡಿದು ನಿಂತಾಗ ಮಾತ್ರ ಅದು ನೆನಪಾಗಲಿಲ್ಲ.

ಜನವರಿಯಲ್ಲಿ ಗೌಡರು ಮತ್ತೆ ಬಂದರು, ಈ ಸಲ ಬಾವಿಯ ನೀರು ಕೆಟ್ಟ ವಿಷಯವಾಗಿ. ಕಾಫಿ ಹಣ್ಣಿನ ಸಿಪ್ಪೆ ಸುಲಿದು ಅಂಟು ತೊಳೆದ ನೀರು ಹುಳಿಯಾಗಿರುತ್ತದೆ, ಅದರಲ್ಲಿ ಸಕ್ಕರೆಯ ಅಂಶ ಹೇರಳವಾಗಿರುತ್ತದೆ. ಅದು ಕೊಳೆಯುವಾಗ ತೋಡಿನ ನೀರಿನ ಆಮ್ಲಜನಕವನ್ನೆಲ್ಲ ಹೀರಿಕೊಳ್ಳುವುದರಿಂದ ಮೀನು ಸಾಯುತ್ತವೆ, ನೀರು ಕಪ್ಪಾಗಿ ನಾರುತ್ತದೆ. ಸುಣ್ಣ ಹಾಕಿ ಹುಳಿ ಮುರಿದು, ಹೊಂಡಗಳಲ್ಲಿ ದಿನಗಟ್ಟಲೆ ನಿಲ್ಲಿಸಿ ಸಂಸ್ಕರಿಸಿದರೆ ಹಾನಿ ಬಹಳಷ್ಟು ತಪ್ಪುತ್ತದೆ. ಆದರೆ ಪಲ್ಪಿಂಗ್ ನಡೆಯುವ ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಕಾಲವೇ ತೋಡುಗಳು ಸೊರಗುವ ಕಾಲವೂ ಆಗಿರುವುದರಿಂದ, ಸ್ವಲ್ಪ ಸೋರಿದರೂ ತಿಳಿಯಾಗಲು ಹರಿವು ಇರುವುದಿಲ್ಲ. ಈ ಘಟಕದ ಹೊಂಡವನ್ನು ಜಾಗದ ಅತಿ ತಗ್ಗಿನ ಮೂಲೆಯಲ್ಲಿ, ನಾನು ಗುರುತಿಸದೆ ಬಿಟ್ಟ ಆ ದಾರಿಗೆ ತಾಗಿಸಿಯೇ ತೋಡಿದ್ದರು. ನಕ್ಷೆಯ ಪ್ರಕಾರ ಅದು ಖಾಲಿ ಜಾಗ.

ಕಾನೂನು ಇಲ್ಲವೆಂದಲ್ಲ. ಬೇರೆಯವರ ಜಮೀನಿನ ಮೂಲಕ ದಾರಿ, ನೀರು ಪಡೆಯುವಂಥ ಹಕ್ಕುಗಳ ಬಗೆಗಿನ 1882ರ ಈಸ್‌ಮೆಂಟ್ ಕಾಯ್ದೆ ಮೊದಲು ಜಾರಿಯಾದ ಕೆಲವೇ ಪ್ರಾಂತ್ಯಗಳಲ್ಲಿ ಮದರಾಸಿನ ಜೊತೆಗೆ ಕೊಡಗೂ ಒಂದು. ಇಪ್ಪತ್ತು ವರ್ಷ ಬಹಿರಂಗವಾಗಿ, ಅಡ್ಡಿಯಿಲ್ಲದೆ ಬಳಸಿಕೊಂಡು ಬಂದ ನೀರಿನ ಮೇಲೆ ಹಕ್ಕು ಹುಟ್ಟುತ್ತದೆಂದು ಅದರ 15ನೆಯ ಕಲಂ ಹೇಳುತ್ತದೆ. ಆ ಹಕ್ಕನ್ನು ಸಾಧಿಸಲು ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕು, ಅಲ್ಲಿ ಮೊದಲು ಕೇಳುವುದು ನಕ್ಷೆಯನ್ನು. ನಕ್ಷೆಯಲ್ಲಿ ನನ್ನ ಸಹಿ ಇತ್ತು, ನೀರು ಇರಲಿಲ್ಲ. ಗೌಡರು ದಾವೆ ಹೂಡಲಿಲ್ಲ. ಮರುವರ್ಷ ಅವರ ಗದ್ದೆಯೂ ಪಾಳು ಬಿತ್ತು. ಯಾರಿಗೂ ಏನನ್ನೂ ಮಾರದ ಮನುಷ್ಯನ ಗದ್ದೆ ಅದು.

ಅಲ್ಲಿ ತುಂಬಿದ ಕೆಂಪು ಮಣ್ಣನ್ನು ಸಮೀಪದ ಗುಡ್ಡದ ಬುಡದಿಂದ ಜೆಸಿಬಿಯಲ್ಲಿ ಕೆರೆದು ತಂದಿದ್ದರು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡಗಳು ಜಾರಿದಾಗ, ವಿಪರೀತ ಮಳೆಯ ಜೊತೆಗೆ ರಸ್ತೆಗೂ ಕಟ್ಟಡಕ್ಕೂ ಇಳಿಜಾರನ್ನು ಬೇಕಾಬಿಟ್ಟಿ ಕಡಿದದ್ದನ್ನೂ ಭೂವಿಜ್ಞಾನಿಗಳು ಕಾರಣವಾಗಿ ಹೇಳಿದ್ದರು. ಆ ವರ್ಷವೂ ಮರುವರ್ಷವೂ ಕಾವೇರಿ ಕುಶಾಲನಗರದ ಬಡಾವಣೆಗಳಿಗೆ ನುಗ್ಗಿತು. ಇಷ್ಟಾದ ಮೇಲೂ ಗುಡ್ಡ ಕೆರೆದು ಗದ್ದೆ ತುಂಬುವ ಕೆಲಸ ನಿಂತಿಲ್ಲ.

ಈಗ ಗದ್ದೆಯ ಪರಿವರ್ತನೆಗೆ ಅರ್ಜಿ ಬಂದರೆ, ಬೇಸಿಗೆಯಲ್ಲಿ ಅಳೆದಿದ್ದರೂ ಮಳೆಗಾಲದಲ್ಲಿ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ಮೇಲಿನವರನ್ನೂ ಕೆಳಗಿನವರನ್ನೂ ಕೇಳದೆ ಕಡತ ಮುಗಿಸುವುದಿಲ್ಲ. ತೋಡು ಸಿಗುವವರೆಗೆ ಎಲ್ಲೆ ದಾಟಿ ನಡೆದು, ಕಂಡದ್ದನ್ನು ಷರಾದಲ್ಲಿ ಬರೆಯುತ್ತೇನೆ. ಅರ್ಜಿದಾರರಿಗೆ ಇದು ಹಿಡಿಸುವುದಿಲ್ಲ. ನಮೂನೆಯಲ್ಲಿ ಇಂಥದಕ್ಕೆ ಅವಕಾಶವಿಲ್ಲವೆಂದು ಒಮ್ಮೆ ಕಡತವೇ ವಾಪಸು ಬಂದಿತ್ತು. ಷರಾವನ್ನು ತೆಗೆಯದೆ, ನೀರಿನ ದಾರಿಯನ್ನು ಬೇರೊಂದು ಹಾಳೆಯಲ್ಲಿ ಬರೆದು, ಅದಕ್ಕೂ ಸಹಿ ಹಾಕಿ, ಲಗತ್ತಿಸಿ ಕಳುಹಿಸಿದೆ.