ಬಾಗಿಲಿಗೊಂದು ದಾರ

"ತಮ್ಮಾ, ಕಾರಂಜಿ ಬಲಕ್ಕೆ ಸರ್ಕಂಡೈತಲ್ಲ?"

ಹೊಸಿಲ ಹತ್ತಿರ ನಿಂತು ಅಜ್ಜಿ ಈ ಮಾತು ಹೇಳಿದಾಗ ಸಂಜೆ ನಾಲ್ಕೂವರೆ. ಮೂರು ತಟ್ಟೆಯ ಕಲ್ಲಿನ ಕಾರಂಜಿಯನ್ನು ಚೈನ್ ಪುಲ್ಲಿ ಕಟ್ಟಿ ಇಳಿಸಿ ಅರ್ಧ ಗಂಟೆಯಾಗಿತ್ತು ಅಷ್ಟೇ. ಹುಡುಗರು ಟೀ ಕುಡೀತಾ ಇದ್ದರು. ನಾನು ಫೋಟೋ ತೆಗೆದು ಆಫೀಸಿನ ಗ್ರೂಪಿಗೆ ಹಾಕಿಯೂ ಆಗಿತ್ತು.

"ಇಲ್ಲ ಅಜ್ಜಿ, ನೀವು ಸ್ವಲ್ಪ ಓರೆಯಾಗಿ ನಿಂತಿದ್ದೀರಿ, ಅದಕ್ಕೆ ಹಾಗೆ ಕಾಣುತ್ತೆ" ಅಂದೆ.

ವರ್ಷವಾಯಿತು, ಆ ಮಾತು ಇನ್ನೂ ಚುಚ್ಚುತ್ತದೆ. ಮದುವೆಯಾಗಿ ಬಂದಾಗಿನಿಂದ ದಿನಾ ಬೆಳಗ್ಗೆ ಚುಕ್ಕಿ ಇಟ್ಟು ರಂಗೋಲಿ ಹಾಕಿದವರು ಅವರು. ಎಡ ಬಲ ಸಮ ಇದೆಯೋ ಇಲ್ಲವೋ ಅಂತ ಅವರಿಗೆ ನಾನು ಹೇಳಿಕೊಡಲು ಹೋಗಿದ್ದೆ.

ದಾವಣಗೆರೆ ಹೊರಗಿನ ಹೊಸ ಬಡಾವಣೆಯ ಮನೆ ಅದು. ಮುಂದೆ 40 ಅಡಿ ಅಗಲ, 30 ಅಡಿ ಉದ್ದದ ಜಾಗ. ಯಜಮಾನರು ಕೆಆರ್‌ಎಸ್‌ನ ಬೃಂದಾವನ ನೋಡಿ ಬಂದಿದ್ದರು. "ನಡುವೆ ನೀರು, ಎರಡೂ ಕಡೆ ಒಂದೇ ಥರ, ಹಂಗೆ ಮಾಡಿಕೊಡಿ" ಅಂದಿದ್ದರು. ತೋಟವನ್ನು ನಾವು ಚಾರ್‌ಬಾಗ್, ಅಂದರೆ ಹಾದಿಗಳಿಂದ ನಾಲ್ಕು ಭಾಗ ಮಾಡುವ ಲೆಕ್ಕದಲ್ಲಿ ಹಾಕಿದೆವು. ಅಡ್ಡ ಒಂದು, ಉದ್ದ ಒಂದು ಮೂರಡಿ ಹಾದಿ, ನಾಲ್ಕು ಮಡಿ, ಕೂಡುವ ಜಾಗದಲ್ಲಿ ಕಾರಂಜಿ. ಮಡಿಯ ಸುತ್ತ ಕಾಮಿನಿ ಬೇಲಿ, 9 ಇಂಚಿಗೆ ಒಂದು ಗಿಡ. ಒಳಗೆ ಮೆಕ್ಸಿಕನ್ ಗ್ರಾಸ್. ಮೂಲೆಗೊಂದು ಸಾದರಹಳ್ಳಿ ಕಲ್ಲಿನ ಹೂಕುಂಡ.

ನನ್ನ ಗಮನವೆಲ್ಲ ನೆಲದ ಮೇಲಿತ್ತು. ಅಲ್ಲಿರುವುದು ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ. ಅದರ ಮೇಲೆ ಹಾಗೇ ಕೂರಿಸಿದರೆ ಒಂದೆರಡು ಮಳೆಗಾಲದಲ್ಲಿ ಕಾರಂಜಿ ವಾಲುತ್ತದೆ. ತಟ್ಟೆ ಕೂದಲೆಳೆಯಷ್ಟು ವಾಲಿದರೂ ನೀರು ಒಂದೇ ಕಡೆ ಸುರಿಯುತ್ತದೆ. ಹಾಗಾಗಿ ಎರಡೂವರೆ ಅಡಿ ಅಗೆಸಿ, ಗರಸು ತುಂಬಿಸಿ, ನೀರು ಹಾಕಿ ದಮ್ಮಸ್ಸು ಮಾಡಿಸಿ, ಮೇಲೆ ಐದಡಿ ಚೌಕದ ಪಿಸಿಸಿ, ಅಂದರೆ ಕಂಬಿ ಇಲ್ಲದ ಕಾಂಕ್ರೀಟ್ ಹಾಸು, ಹಾಕಿಸಿದೆ. ಲೆವೆಲ್ ಪೈಪ್ ಹಿಡಿದು ನಾಲ್ಕೂ ಮೂಲೆ ನಾನೇ ನೋಡಿದೆ. ಅದರಲ್ಲಿ ಒಂದು ನೂಲೂ ತಪ್ಪಿರಲಿಲ್ಲ.

ಆದರೆ ಮಾರ್ಕಿಂಗ್ ಮಾಡಿದ ಮೊದಲ ದಿನವೇ ಮೇಸ್ತ್ರಿ ಕೇಳಿದ್ದರು, "ಸಾರ್, ಬಾಗಿಲಿಗೊಂದು ದಾರ ಹೊಡೆದು ನೋಡಾಣ?" ನಾನು ಫೋನಿನಲ್ಲಿ ಡ್ರಾಯಿಂಗ್ ತೋರಿಸಿದೆ. ಅದರಲ್ಲಿ ಗೇಟೂ ಬಾಗಿಲೂ ಒಂದೇ ಗೆರೆಯಲ್ಲಿದ್ದವು. ಗೇಟಿನ ಕಂಬದಿಂದ ಕಂಬಕ್ಕೆ ಟೇಪ್ ಹಿಡಿದು ಸೆಂಟರ್ ತೆಗೆದು, ಸುಣ್ಣ ಎಳೆಸಿಬಿಟ್ಟೆ. ಆಮೇಲೆ ಹನ್ನೊಂದು ದಿನ ನೀರು ಕುಡಿಯೋಕೆ ಅಂತ ಅದೇ ಬಾಗಿಲಿಗೆ ಹೋಗಿ ಬಂದೆ. ಒಂದು ಸಲವೂ ಅಳೆಯಲಿಲ್ಲ.

ಅಜ್ಜಿ ವಾದ ಮಾಡಲಿಲ್ಲ. ಸುಮ್ನೆ ನಿಂತರು. ಮೇಸ್ತ್ರಿ ಟೀ ಲೋಟ ಕೆಳಗಿಟ್ಟು ಎದ್ದರು. ಬಾಗಿಲ ಚೌಕಟ್ಟಿನ ಅಗಲ ಹಿಡಿದರು, ನಾಲ್ಕಡಿ. ಎರಡಡಿಗೆ ಗುರುತು ಮಾಡಬೇಕು, ಹೊಸಿಲಿಗೆ ಮೊಳೆ ಹೊಡೆಯೋ ಹಾಗಿಲ್ಲ. ಅಜ್ಜಿ ಒಳಗೆ ಹೋಗಿ ರಂಗೋಲಿ ಪುಡಿ ತಂದು, ಎರಡು ಬೆರಳಲ್ಲಿ ಚಿಟಿಕೆ ಹಿಡಿದು, ಟೇಪಿನ ಗೆರೆಯ ಪಕ್ಕ ಒಂದು ಚುಕ್ಕಿ ಇಟ್ಟರು. ಒಬ್ಬ ಹುಡುಗ ಆ ಚುಕ್ಕಿಯ ಮೇಲೆ ಹೆಬ್ಬೆರಳಲ್ಲಿ ದಾರ ಒತ್ತಿ ಹಿಡಿದ. ಗೋಡೆಗುಂಟ 6 ಅಡಿ, ದಾರದ ಮೇಲೆ 8 ಅಡಿ, ಓರೆಗೆ 10 ಅಡಿ ಕೂಡಿಸಿ ಮೂಲೆ ಸರಿ ಮಾಡಿದೆವು. ಇನ್ನೊಂದು ತುದಿಯನ್ನು ಮೇಸ್ತ್ರಿ ಗೇಟಿನವರೆಗೆ ಎಳೆದರು.

ದಾರ ಕಾರಂಜಿಯ ನಡುಗಂಬಕ್ಕೆ ತಾಗಲೇ ಇಲ್ಲ. ಪಕ್ಕದಲ್ಲಿ ಹಾದುಹೋಯಿತು. ನಾನು ಟೇಪ್ ಹಿಡಿದೆ. ಏಳು ಇಂಚು. ಮತ್ತೆ ಹಿಡಿದೆ, ಮೂರನೇ ಸಲವೂ ಹಿಡಿದೆ. ಕೈ ಬೆವೆತು ಟೇಪ್ ಜಾರುತ್ತಿತ್ತು. ಯಾರೂ ಮಾತಾಡಲಿಲ್ಲ. ಯಜಮಾನರು ಐದು ಗಂಟೆಗೆ ಬರುವವರಿದ್ದರು.

ಆಫೀಸಿಗೆ ಫೋನ್ ಮಾಡಿದಾಗ ಗೊತ್ತಾಯಿತು. ವಾಸ್ತು ನೋಡಿದವರು ಹೇಳಿದರು ಅಂತ ಬಾಗಿಲನ್ನು ಕಟ್ಟುವಾಗಲೇ ಸರಿಸಿದ್ದರು. ತಿದ್ದಿದ ಡ್ರಾಯಿಂಗ್ ಬಂದಿತ್ತು, ವಾಟ್ಸಾಪ್‌ನಲ್ಲೇ ಉಳಿದಿತ್ತು. ಎರಡು ಫೈಲಿಗೂ ಒಂದೇ ಹೆಸರು, ರಿವಿಷನ್ ನಂಬರ್ ಇಲ್ಲ, ತಾರೀಖಿಲ್ಲ. ಇದನ್ನು ನಾನು ಮೀಟಿಂಗ್‌ನಲ್ಲಿ ಎಷ್ಟು ಸಲ ಹೇಳಿದ್ದೇನೋ. ಆದರೂ ಅದರ ಹಿಂದೆ ನಾನು ಬಚ್ಚಿಟ್ಟುಕೊಳ್ಳುವ ಹಾಗಿಲ್ಲ. ಬಾಗಿಲು ನನ್ನ ಕಣ್ಣೆದುರೇ ಇತ್ತು.

"ಏಳು ಇಂಚು ಯಾರಿಗ್ರೀ ಕಾಣುತ್ತೆ, ಗಿಡ ಬೆಳೆದ ಮೇಲೆ ಮುಚ್ಚಿಹೋಗುತ್ತೆ" ಅಂದರು ಆಫೀಸಿನವರು ಫೋನಿನಲ್ಲಿ. ಇದು ತಪ್ಪು. ಸುಮ್ನೆ ಕಾಡಿನ ಥರ ಬೆಳೆಸುವ ತೋಟದಲ್ಲಿ ಒಂದಡಿ ಆಚೀಚೆ ಆದರೂ ನಡೆಯುತ್ತದೆ. ಇಲ್ಲಿ ಹಾಗಲ್ಲ. ಬೇಲಿ ಬೆಳೆದು ಕತ್ತರಿ ಬಿದ್ದಷ್ಟೂ ಗೆರೆ ಚೂಪಾಗುತ್ತದೆ, ತಪ್ಪು ಜಾಸ್ತಿ ಎದ್ದು ಕಾಣುತ್ತದೆ.

ಯಜಮಾನರಿಗೆ ನಾನೇ ಹೇಳಿದೆ. ಅವರು ಹೊಸಿಲಲ್ಲಿ ನಿಂತು ದಾರ ನೋಡಿದರು. "ಹದಿನೈದು ದಿನಕ್ಕೆ ಮಗಳ ನಿಶ್ಚಿತಾರ್ಥ ಐತೆ" ಅಂದರು. ಬೇರೆ ಏನೂ ಅನ್ನಲಿಲ್ಲ. ಬೈದಿದ್ದರೆ ಇಷ್ಟು ಕಷ್ಟ ಆಗುತ್ತಿರಲಿಲ್ಲ.

ಗೇಟಿನ ಸೆಂಟರ್ ಉಳಿಸಬೇಕೋ, ಬಾಗಿಲಿನದೋ? ರಾತ್ರಿಯಿಡೀ ಅದನ್ನೇ ಯೋಚಿಸಿದೆ. ಗೇಟಿನಲ್ಲಿ ಯಾರೂ ನಿಲ್ಲುವುದಿಲ್ಲ, ದಾಟಿ ಬರುತ್ತಾರೆ. ಬಾಗಿಲಲ್ಲಿ, ಹಾಲಿನ ಕಿಟಕಿಯಲ್ಲಿ ಮನೆಯವರು ದಿನಾ ನಿಂತು ನೋಡುತ್ತಾರೆ. ಫ್ರಾನ್ಸಿನ ವರ್ಸೇಲ್ಸ್‌ನಲ್ಲೂ ನಡುಗೆರೆ ಹೊರಡುವುದು ಅರಮನೆಯ ಮಧ್ಯದಿಂದಲೇ. ಹಾಗಾಗಿ ಎಲ್ಲವನ್ನೂ ಬಾಗಿಲಿಗೆ ಹೊಂದಿಸಿದೆವು. ಕಾರಂಜಿಯ ಬುಡ ನಾಲ್ಕಡಿ, ಪಿಸಿಸಿ ಐದಡಿ. ಎಡಕ್ಕೆ ಸರಿಸಿದರೆ ಒಂದಿಂಚು ಹೊರಗೆ ಉಳಿಯುತ್ತಿತ್ತು. ಆ ಕಡೆ ಗರಸು ಹಾಕಿ, ಹಳೇ ಪಿಸಿಸಿಗೆ ಕಂಬಿ ಕೂರಿಸಿ, ಒಂದಡಿ ಸೇರಿಸಿ, ಏಳು ದಿನ ಕ್ಯೂರಿಂಗ್ ಕಾದೆವು. ಗೇಟಿನ ಒಳಗೆ ಎಂಟಡಿ ಅಗಲದ ಕಲ್ಲುಹಾಸು ಮಾಡಿದ್ದರಿಂದ ಹಾದಿ ಗೇಟಿಗೆ ನೇರ ಇಲ್ಲ ಅನ್ನುವುದು ಕಣ್ಣಿಗೆ ಬೀಳುವುದಿಲ್ಲ. ಕಾಂಪೌಂಡ್ ಪಕ್ಕದ ಮೂರಡಿ ಪಟ್ಟಿ ಎಡಕ್ಕೆ ಏಳಿಂಚು ಕಡಿಮೆಯಾಯಿತು, ಬಲಕ್ಕೆ ಅಷ್ಟೇ ಜಾಸ್ತಿಯಾಯಿತು. ಅಲ್ಲಿ ಅರೆಕಾ ಪಾಮ್, ಹೆಲಿಕೋನಿಯಾ ಒತ್ತಾಗಿ ನೆಟ್ಟು ಆ ವ್ಯತ್ಯಾಸ ಮುಚ್ಚಿದೆವು.

ನಿಶ್ಚಿತಾರ್ಥಕ್ಕೆ ಎರಡು ದಿನ ಮುಂಚೆ ನೀರು ಬಿಟ್ಟೆವು. ಮೂರೂ ತಟ್ಟೆಯಿಂದ ಸುತ್ತಲೂ ಸಮನಾಗಿ ಬಿತ್ತು.

ಎಡಗಡೆಯ ಕಾಮಿನಿಯದೇ ನೋವು. ಆ ಕಡೆ 150 ಗಿಡ ಆಗಲೇ ನೆಟ್ಟಾಗಿತ್ತು. ಏಪ್ರಿಲ್ ಬಿಸಿಲಲ್ಲಿ ಕಿತ್ತು ಮತ್ತೆ ನೆಟ್ಟಾಗ ಎಲೆ ಉದುರಿಸಿಕೊಂಡು ನಿಂತವು. ಬಲಗಡೆಯವು ಒಂದೇ ಸಲ ನೆಟ್ಟವು, ಚೆನ್ನಾಗಿ ಎದ್ದವು. ಮೊನ್ನೆ ಕಟಿಂಗ್ ನೋಡೋಕೆ ಹೋದಾಗ ಎಡಗಡೆ ಇನ್ನೂ ಗೇಣುದ್ದ ಕೆಳಗಿತ್ತು. ಅಜ್ಜಿ ಹೊಸಿಲ ಹತ್ತಿರವೇ ನಿಂತಿದ್ದರು.

"ಈ ಕಡೇವು ಯಾವಾಗ ಎದ್ದಾವು ತಮ್ಮಾ?"

ಈ ಮಳೆಗಾಲ ಕಳೆಯಲಿ ಅಜ್ಜಿ, ಅಲ್ಲಿವರೆಗೆ ಬಲಗಡೇವನ್ನೇ ಸ್ವಲ್ಪ ತಗ್ಗಿಸಿ ಕತ್ತರಿಸುತ್ತೀವಿ ಅಂದೆ. ಮೇಸ್ತ್ರಿ ಆಗಲೇ ಬೇಲಿಯ ಉದ್ದಕ್ಕೂ ದಾರ ಕಟ್ಟುತ್ತಿದ್ದರು.